ಸದನದಲ್ಲಿ ಬಸಿರಿನ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಮೈಸೂರಿನಲ್ಲಿ ಕಾನೂನು ಪದವಿಯ ಮೂರನೇ ವರ್ಷದ ವಿದ್ಯಾರ್ಥಿನಿ. ಮುಂದಿನ ತಿಂಗಳು ನಮ್ಮ ಕಾಲೇಜಿನಲ್ಲಿ ಅಣಕು ಸಂಸತ್ತು ನಡೆಯಲಿದ್ದು, ಗರ್ಭಪಾತದ ಮಸೂದೆಯನ್ನು ಬೆಂಬಲಿಸಿ ಮಾತನಾಡುವ ಸರದಿ ನನಗೆ ಬಂದಿದೆ. ಎಲ್ಲಿ ಹುಡುಕಿದರೂ ‘ನನ್ನ ದೇಹ, ನನ್ನ ಹಕ್ಕು’ ಎಂಬ ಘೋಷಣೆಯೇ ಸಿಗುತ್ತದೆ. ನಿಜವಾದ ಶಾಸನಸಭೆಗಳಲ್ಲಿ ಬೆಂಬಲಿಗರು ಯಾವ ವಾದಗಳನ್ನು ಮುಂದಿಟ್ಟರು, ಯಾವುದಕ್ಕೆ ಮತ ಬಿದ್ದಿತು ಎಂದು ತಿಳಿಸುವಿರಾ ಮೇಡಂ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಮತದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ನೀವು ಹೇಳುವ ಘೋಷಣೆ ಮೆರವಣಿಗೆಯದು. ಸದನದೊಳಗೆ ಕೈ ಎತ್ತಿಸಿದ ವಾದ ಬಹುತೇಕ ಕಡೆ ಬೇರೆಯೇ ಆಗಿತ್ತು. ಕಾನೂನು ಬೇಡವೆಂದರೂ ಗರ್ಭಪಾತ ನಡೆಯುತ್ತಲೇ ಇದೆ, ಕದ್ದುಮುಚ್ಚಿ ನಡೆಯುವುದರಿಂದ ಹೆಂಗಸರು ಸಾಯುತ್ತಿದ್ದಾರೆ, ಆದ್ದರಿಂದ ಅದನ್ನು ಆಸ್ಪತ್ರೆಯ ಬೆಳಕಿಗೆ ತನ್ನಿ ಎಂಬುದು ಆ ವಾದ.

ನಮ್ಮಲ್ಲಿ 1860ರ ದಂಡ ಸಂಹಿತೆಯ 312ನೇ ಕಲಮು, ತಾಯಿಯ ಜೀವ ಉಳಿಸುವ ಸದುದ್ದೇಶವೊಂದನ್ನು ಬಿಟ್ಟರೆ ಉಳಿದೆಲ್ಲ ಸಂದರ್ಭಗಳಲ್ಲಿ ಗರ್ಭಪಾತವನ್ನು ಅಪರಾಧವೆಂದು ಸಾರಿತ್ತು. ತಾನೇ ಬಸಿರು ಇಳಿಸಿಕೊಂಡ ಹೆಂಗಸೂ ಆ ಕಲಮಿನಡಿ ಅಪರಾಧಿಯೇ ಆಗುತ್ತಿದ್ದಳು. ನಮ್ಮ ಅಜ್ಜಿ ಕೃಷ್ಣರಾಜಪೇಟೆ ಕಡೆಯ ಹಳ್ಳಿಯವರು. ತಮ್ಮ ಓರಗೆಯ ಹೆಂಗಸೊಬ್ಬರು ಆರನೆಯದೋ ಏಳನೆಯದೋ ಬಸಿರಿನಲ್ಲಿ ತೀರಿಹೋದದ್ದನ್ನು ಹೇಳುವಾಗ ‘ನಂಜಾಯ್ತು ಕಣವ್ವ’ ಎಂದಷ್ಟೇ ಹೇಳಿ, ಎಲೆ ಅಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಸುಮ್ಮನಾಗುತ್ತಿದ್ದರು. ಅದರ ಹಿಂದೆ ಬಸಿರು ಇಳಿಸಲು ಬಳಸುತ್ತಿದ್ದ ಎಕ್ಕದ ಕಡ್ಡಿಯಿತ್ತು ಎಂಬುದು ನನಗೆ ತಿಳಿದದ್ದು ನಾನು ವಕೀಲಿಕೆ ಆರಂಭಿಸಿದ ಮೇಲೆ, ಅದೂ ಅಮ್ಮನ ಬಾಯಿಂದ. ಊರಿಗೆಲ್ಲ ಗೊತ್ತಿದ್ದು ಯಾರೂ ಬಾಯಿಬಿಡದ ಇಂತಹ ಸಾವುಗಳನ್ನು ಸರ್ಕಾರ ಕಾಗದದ ಮೇಲೆ ಒಪ್ಪಿಕೊಳ್ಳಲು ಸ್ವಾತಂತ್ರ್ಯ ಬಂದ ಮೇಲೂ ಬಹುಕಾಲ ಹಿಡಿಯಿತು. 1964ರಲ್ಲಿ ನೇಮಕವಾದ ಶಾಂತಿಲಾಲ್ ಷಾ ಸಮಿತಿ 1966ರ ಕೊನೆಯಲ್ಲಿ ವರದಿ ಕೊಟ್ಟು, ಕಾನೂನನ್ನು ಸಡಿಲಿಸಬೇಕೆಂದಿತು. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರೇ ಇದ್ದ 1971ರಲ್ಲಿ ಸಂಸತ್ತು ವೈದ್ಯಕೀಯ ಗರ್ಭಪಾತ ಕಾಯ್ದೆಯನ್ನು ಅಂಗೀಕರಿಸಿತು. 1972ರ ಏಪ್ರಿಲ್ 1ರಂದು ಅದು ಜಾರಿಗೆ ಬಂದಿತು.

ಆ ಮಸೂದೆಯ ‘ಉದ್ದೇಶ ಮತ್ತು ಕಾರಣಗಳ ಹೇಳಿಕೆ’ಯನ್ನು ನೀವು ತಪ್ಪದೆ ಓದಬೇಕು. ಹಳೆಯ ಕಠಿಣ ಕಾನೂನನ್ನು ದೇಶದ ಉದ್ದಗಲಕ್ಕೂ ಜನ ಮುರಿಯುತ್ತಲೇ ಬಂದಿದ್ದಾರೆ ಎಂದು ಸರ್ಕಾರವೇ ಅದರಲ್ಲಿ ಒಪ್ಪಿಕೊಳ್ಳುತ್ತದೆ. ಹೀಗೆ ಗರ್ಭಪಾತಕ್ಕೆ ಹೋಗುವವರಲ್ಲಿ ಹೆಚ್ಚಿನವರು ಮದುವೆಯಾದವರು, ಬಸಿರನ್ನು ಬಚ್ಚಿಡಬೇಕಾದ ಪ್ರಮೇಯವೇ ಇಲ್ಲದವರು ಎಂದೂ ಹೇಳುತ್ತದೆ. ‘ಇದು ದಾರಿ ತಪ್ಪಿದವರ ಸಮಸ್ಯೆ’ ಎಂದು ಮೂಗು ಮುರಿಯುತ್ತಿದ್ದ ಸದಸ್ಯರಿಗೆ ಇದಕ್ಕಿಂತ ಚೆನ್ನಾದ ಉತ್ತರವಿರಲಿಲ್ಲ. ಮುಂದೆ ಆರೋಗ್ಯದ ಕಾರಣ, ಅತ್ಯಾಚಾರದಂತಹ ಸಂದರ್ಭಗಳ ಮಾನವೀಯ ಕಾರಣ, ಹುಟ್ಟುವ ಮಗುವಿನ ಅಂಗವೈಕಲ್ಯದ ಸಂಭವ ಎಂಬ ಮೂರು ನೆಲೆಗಳು ಬರುತ್ತವೆ. ಸ್ತ್ರೀಯ ಹಕ್ಕು ಎಂಬುದು ಈ ಮೂರರಲ್ಲಿ ಒಂದಾಗಿಯೂ ಇಲ್ಲ.

ಇದರ ಪರಿಣಾಮ ಕಾಯ್ದೆಯ ವಾಕ್ಯರಚನೆಯಲ್ಲಿಯೇ ಕಾಣುತ್ತದೆ. ಅದರ 3ನೇ ಕಲಮು ಆರಂಭವಾಗುವುದು, ಈ ಕಾಯ್ದೆಯಂತೆ ಗರ್ಭಪಾತ ಮಾಡಿದ ನೋಂದಾಯಿತ ವೈದ್ಯನು ಅಪರಾಧಿಯಾಗುವುದಿಲ್ಲ ಎಂದು ಹೇಳುವುದರ ಮೂಲಕ. ಬಸಿರು ಹೆಂಗಸಿನದು, ಅಭಯ ವೈದ್ಯನಿಗೆ. 12 ವಾರದೊಳಗೆ ಒಬ್ಬ ವೈದ್ಯರ, 12ರಿಂದ 20 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕೆಂದು ಅಂದು ಗೊತ್ತುಮಾಡಲಾಯಿತು. ಆರೋಗ್ಯದ ವಾದದಿಂದ ಗೆದ್ದ ಕಾನೂನು ಬೀಗದ ಕೈಯನ್ನು ಆಸ್ಪತ್ರೆಗೆ ಕೊಡುತ್ತದೆ. ಯಾವ ವಾದವನ್ನು ಹಿಡಿದು ಮತ ಕೇಳುತ್ತೇವೆಯೋ ಮಸೂದೆ ಅದೇ ಅಚ್ಚಿನಲ್ಲಿ ಎರಕಗೊಳ್ಳುತ್ತದೆ ಎಂಬುದನ್ನು ನೀವು ಭಾಷಣ ಬರೆಯುವಾಗ ಮರೆಯಬೇಡಿ.

ಫ್ರಾನ್ಸಿನ ಆರೋಗ್ಯ ಸಚಿವೆ ಸಿಮೋನ್ ವೇಯ್ 1974ರ ನವೆಂಬರ್ 26ರಂದು ಮಾಡಿದ ಭಾಷಣ ಈ ಆರೋಗ್ಯದ ವಾದಕ್ಕೆ ಬಹುಶಃ ಅತ್ಯುತ್ತಮ ಮಾದರಿ. ನಾಜಿಗಳ ಆಶ್‌ವಿಟ್ಜ್ ಶಿಬಿರದಿಂದ ಬದುಕಿ ಬಂದಿದ್ದ ಆಕೆ, ಬಹುಪಾಲು ಗಂಡಸರೇ ತುಂಬಿದ್ದ ಸದನದ ಮುಂದೆ ಒಬ್ಬ ಹೆಣ್ಣಿನ ಮಾತು ಆಡುತ್ತಿರುವುದಕ್ಕೆ ಕ್ಷಮೆ ಕೋರಿ, ಯಾವ ಹೆಂಗಸೂ ಸಂತೋಷದಿಂದ ಗರ್ಭಪಾತಕ್ಕೆ ಹೋಗುವುದಿಲ್ಲ, ಹೆಂಗಸರನ್ನು ಕೇಳಿ ನೋಡಿದರೆ ಸಾಕು ಎಂದರು. ಆ ಕ್ಷಮೆಯಲ್ಲಿ ಎಷ್ಟು ವಿನಯವಿತ್ತೋ ಅಷ್ಟೇ ಚುಚ್ಚುವಿಕೆಯೂ ಇತ್ತೆಂದು ನನ್ನ ಅನಿಸಿಕೆ. ವರ್ಷಕ್ಕೆ ಸುಮಾರು 3 ಲಕ್ಷ ಗರ್ಭಪಾತಗಳು ಕಾನೂನಿನ ಕಣ್ಣು ತಪ್ಪಿಸಿ ನಡೆಯುತ್ತಿವೆ ಎಂಬ ಲೆಕ್ಕವನ್ನು ಮುಂದಿಟ್ಟ ಅವರು, ಹಣವಂತರು ಗಡಿ ದಾಟಿ ಹೋಗಿ ಬರುತ್ತಾರೆ, ಇಲ್ಲದವರು ಇಲ್ಲಿಯೇ ನರಳುತ್ತಾರೆ ಎಂಬ ಅನ್ಯಾಯವನ್ನೂ ಎತ್ತಿ ತೋರಿಸಿದರು. ಮಸೂದೆಯ ಪರವಾಗಿ 284, ವಿರುದ್ಧವಾಗಿ 189 ಮತಗಳು ಬಿದ್ದವು. ಗಮನಿಸಿ, ಆ ಕಾನೂನು ಕೊನೆಯ ತೀರ್ಮಾನವನ್ನು ಹೆಂಗಸಿಗೇ ಬಿಟ್ಟಿತ್ತು, ಆದರೆ ಆಕೆ ‘ಸಂಕಟದಲ್ಲಿರುವವಳು’ ಆಗಿರಬೇಕಿತ್ತು. ಆ ಪದವನ್ನು ತೆಗೆದುಹಾಕಲು ಫ್ರಾನ್ಸಿಗೆ 2014ರವರೆಗೆ ಬೇಕಾಯಿತು. 2024ರ ಮಾರ್ಚ್ 4ರಂದು ಅದೇ ದೇಶದ ಎರಡೂ ಸದನಗಳು ವರ್ಸೈಲ್ಸ್‌ನಲ್ಲಿ ಒಟ್ಟಾಗಿ ಸೇರಿ, 72ಕ್ಕೆ ಎದುರಾಗಿ 780 ಮತಗಳಿಂದ ಗರ್ಭಪಾತದ ಸ್ವಾತಂತ್ರ್ಯವನ್ನು ಸಂವಿಧಾನಕ್ಕೆ ಸೇರಿಸಿದವು. ಕರುಣೆಯ ವಾದದಿಂದ ಹೊರಟ ದೇಶ ಸ್ವಾತಂತ್ರ್ಯದ ವಾದಕ್ಕೆ ಬಂದು ಮುಟ್ಟಲು ಹಿಡಿದ ಕಾಲ ಸುಮಾರು 50 ವರ್ಷ.

ನಿಷೇಧದಿಂದ ಏನಾಗುತ್ತದೆ ಎಂದು ಎದುರು ಬದಿಯವರು ಕೇಳಿದರೆ ರೊಮೇನಿಯಾವನ್ನು ನೆನೆಯಿರಿ. 1966ರ 770ನೇ ಆಜ್ಞೆಯ ಮೂಲಕ ಅಲ್ಲಿನ ಆಡಳಿತ ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿತು. ಮೊದಲಿಗೆ ಹುಟ್ಟುವ ಮಕ್ಕಳ ಸಂಖ್ಯೆ ಏರಿತು, ಬಳಿಕ ಇಳಿಯಿತು. ಹೆಂಗಸರ ಸಾವು ಮಾತ್ರ ಏರುತ್ತಲೇ ಹೋಗಿ, 1989ರ ಡಿಸೆಂಬರ್‌ನಲ್ಲಿ ಆಡಳಿತ ಉರುಳಿ ಆಜ್ಞೆ ರದ್ದಾದ ಕೂಡಲೇ ತೀವ್ರವಾಗಿ ಇಳಿಯಿತು. ಅರ್ಜೆಂಟೀನಾದ ಬೆಂಬಲಿಗರು ಚರ್ಚೆಯ ಚೌಕಟ್ಟನ್ನೇ ಬದಲಿಸಿದರು. ಗರ್ಭಪಾತ ಇರಬೇಕೇ ಬೇಡವೇ ಎಂಬುದು ನಮ್ಮ ಮುಂದಿರುವ ಪ್ರಶ್ನೆಯಲ್ಲ, ಅದು ಕಾನೂನುಬದ್ಧವಾಗಿ ನಡೆಯಬೇಕೇ, ಕದ್ದು ನಡೆಯಬೇಕೇ ಎಂಬುದೇ ಪ್ರಶ್ನೆ ಎಂದರು. 2018ರಲ್ಲಿ ಅಲ್ಲಿನ ಸೆನೆಟ್ 31ಕ್ಕೆ 38 ಮತಗಳಿಂದ ಮಸೂದೆಯನ್ನು ತಳ್ಳಿಹಾಕಿತ್ತು. 2020ರ ಡಿಸೆಂಬರ್ 30ರಂದು ಅದೇ ಸೆನೆಟ್ 29ಕ್ಕೆ 38 ಮತಗಳಿಂದ ಒಪ್ಪಿತು.

ವೈದ್ಯರ ಭಯದ ವಾದವೂ ಒಂದಿದೆ, ಅದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇಯಲ್ಲಿ ತೀರಿಕೊಂಡಾಗ ಅವರಿಗೆ 31 ವರ್ಷ. 17 ವಾರದ ಬಸಿರು ಉಳಿಯುವುದಿಲ್ಲವೆಂದು ಗೊತ್ತಾಗಿತ್ತು, ಅದನ್ನು ತೆಗೆಯಿರೆಂದು ಅವರು ಕೇಳಿದ್ದರು. ಭ್ರೂಣದ ಎದೆಬಡಿತವಿದೆ ಎಂಬ ಕಾರಣಕ್ಕೆ ವೈದ್ಯರು ಕಾದರು, ಅಷ್ಟರಲ್ಲಿ ನಂಜು ಮೈಗೆಲ್ಲ ಏರಿತು. ನನ್ನ ಅಜ್ಜಿ ಬಳಸುತ್ತಿದ್ದ ಅದೇ ಪದ. ಕಾನೂನು ‘ಜೀವಾಪಾಯ’ ಎಂಬ ಒಂದೇ ಗೆರೆಯನ್ನು ಎಳೆದರೆ, ರೋಗಿ ಆ ಗೆರೆಯನ್ನು ದಾಟುವವರೆಗೆ ವೈದ್ಯರು ಜೈಲಿನ ಭಯದಿಂದ ಕಾಯುತ್ತಾರೆ, ದಾಟಿದ ಮೇಲೆ ಕೆಲವೊಮ್ಮೆ ಹೊತ್ತು ಮೀರಿರುತ್ತದೆ ಎಂದು ಐರಿಷ್ ಬೆಂಬಲಿಗರು ಸದನದ ಒಳಗೂ ಹೊರಗೂ ವಾದಿಸಿದರು. 2018ರ ಮೇ 25ರ ಜನಮತಗಣನೆಯಲ್ಲಿ ಶೇ 66.4 ಮಂದಿ, ತಾಯಿಗೂ ಭ್ರೂಣಕ್ಕೂ ಬದುಕುವ ಸಮಾನ ಹಕ್ಕು ಕೊಟ್ಟಿದ್ದ 1983ರ ಸಂವಿಧಾನ ತಿದ್ದುಪಡಿಯನ್ನು ತೆಗೆದುಹಾಕಲು ಒಪ್ಪಿದರು.

ಸ್ವಂತ ಬದುಕನ್ನೇ ಸಾಕ್ಷಿಯಾಗಿ ಮುಂದಿಟ್ಟವರೂ ಇದ್ದಾರೆ. ಅಮೆರಿಕದ ಪ್ರತಿನಿಧಿ ಸಭೆಯಲ್ಲಿ 2011ರ ಫೆಬ್ರುವರಿಯಲ್ಲಿ, ಎದುರು ಬದಿಯ ಸದಸ್ಯರೊಬ್ಬರು ಗರ್ಭಪಾತದ ವಿಧಾನವನ್ನು ವರ್ಣಿಸಿದ್ದನ್ನು ಕೇಳಿದ ಜಾಕಿ ಸ್ಪೀಯರ್, ಸಿದ್ಧಪಡಿಸಿಕೊಂಡಿದ್ದ ಮಾತನ್ನು ಬದಿಗಿಟ್ಟು, ಬಯಸಿ ಹೊತ್ತಿದ್ದ ತಮ್ಮದೇ ಬಸಿರು 17ನೇ ವಾರದಲ್ಲಿ ತೊಡಕಾದದ್ದನ್ನು ಹೇಳಿದರು. ಇಂತಹ ಮಾತಿನ ಶಕ್ತಿ ದೊಡ್ಡದಾದರೂ ಅಣಕು ಸಂಸತ್ತಿನಲ್ಲಿ ಅದನ್ನು ಅನುಕರಿಸಲು ಹೋಗಬೇಡಿ, ನಾಟಕವಾಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಜಾರ್ಜ್ ಮೈಕೆಲ್ಸ್ ಎಂಬ ನ್ಯೂಯಾರ್ಕ್ ಶಾಸಕನ ಪ್ರಸಂಗ. 1970ರ ಏಪ್ರಿಲ್ 9ರಂದು ಅಲ್ಲಿನ ವಿಧಾನಸಭೆಯಲ್ಲಿ, ಕಾನ್‌ಸ್ಟನ್ಸ್ ಕುಕ್ ಎಂಬ ಸದಸ್ಯೆ ಮುನ್ನಡೆಸಿದ್ದ ಗರ್ಭಪಾತ ಮಸೂದೆ ಕೂದಲೆಳೆಯಲ್ಲಿ ಬೀಳುವುದರಲ್ಲಿತ್ತು. ಕ್ಯಾಥೊಲಿಕರೇ ಹೆಚ್ಚಾಗಿದ್ದ ಕ್ಷೇತ್ರದಿಂದ ಬಂದಿದ್ದ ಮೈಕೆಲ್ಸ್, ಮತದಾರರ ಮನಸ್ಸಿಗೆ ತಕ್ಕಂತೆ ‘ಇಲ್ಲ’ ಎಂದು ಮತ ಹಾಕಿಯಾಗಿತ್ತು. ಎಣಿಕೆ ಮುಗಿಯುವ ಮುನ್ನ ಅವರು ನಡುಗುವ ಕೈಯಲ್ಲಿ ಮೈಕ್ ಹಿಡಿದು ಎದ್ದುನಿಂತು, ಇದರಿಂದ ನನ್ನ ರಾಜಕೀಯ ಬದುಕು ಮುಗಿಯುತ್ತದೆಂದು ಬಲ್ಲೆ, ಆದರೂ ಈ ಮಸೂದೆಯನ್ನು ಸೋಲಿಸಿದ ಮತ ನನ್ನದಾಗಲು ಬಿಡಲಾರೆ ಎಂದು ಹೇಳಿ ಮತ ಬದಲಿಸಿದರು. 76ಕ್ಕೆ 73ರಂತೆ ಮಸೂದೆ ಗೆದ್ದಿತು. ಮುಂದಿನ ಚುನಾವಣೆಗೆ ಅವರ ಪಕ್ಷದ ಮತದಾರರು ಅವರನ್ನು ಅಭ್ಯರ್ಥಿಯಾಗಿ ಆರಿಸಲಿಲ್ಲ. ನಮ್ಮಲ್ಲಿ ಪಕ್ಷಾಂತರ ನಿಷೇಧ ಕಾಯ್ದೆಯೂ, ಹೀಗೇ ಮತ ಹಾಕಬೇಕೆಂಬ ಪಕ್ಷದ ಅಪ್ಪಣೆಯಾದ ವಿಪ್ಪೂ ಇರುವುದರಿಂದ ಇಂತಹ ದೃಶ್ಯಕ್ಕೆ ಅವಕಾಶ ಕಡಿಮೆ. 2021ರ ಮಾರ್ಚ್ 16ರಂದು ರಾಜ್ಯಸಭೆಯಲ್ಲಿ 1971ರ ಕಾಯ್ದೆಯ ತಿದ್ದುಪಡಿ ಮಸೂದೆ ಧ್ವನಿಮತದಿಂದ ಪಾಸಾಯಿತು.

ಆ 2021ರ ಚರ್ಚೆಯಲ್ಲಿ ಬೆಂಬಲಿಗರ ನಡುವೆಯೇ ಎರಡು ಬಣಗಳಿದ್ದವು. ಗಡುವನ್ನು ಕೆಲವು ವರ್ಗಗಳಿಗೆ 24 ವಾರದವರೆಗೆ ವಿಸ್ತರಿಸಿದ್ದನ್ನೂ, ಗರ್ಭನಿರೋಧಕ ವಿಫಲವಾದ ಸಂದರ್ಭದ ಬಗ್ಗೆ ‘ವಿವಾಹಿತ ಮಹಿಳೆ ಅಥವಾ ಆಕೆಯ ಪತಿ’ ಎಂದಿದ್ದಲ್ಲಿ ‘ಮಹಿಳೆ ಅಥವಾ ಆಕೆಯ ಸಂಗಾತಿ’ ಎಂದು ಬರೆದದ್ದನ್ನೂ ಸರ್ಕಾರದ ಕಡೆಯವರು ದೊಡ್ಡ ಹೆಜ್ಜೆಯೆಂದರು. ವಿರೋಧ ಪಕ್ಷಗಳ ಹಲವು ಸದಸ್ಯರು ಗರ್ಭಪಾತದ ಪರವಾಗಿಯೇ ನಿಂತು, ಇದು ಸಾಲದು, ತೀರ್ಮಾನ ಈಗಲೂ ವೈದ್ಯರದು ಮತ್ತು 24 ವಾರದ ನಂತರ ವೈದ್ಯಕೀಯ ಮಂಡಳಿಯದು ಎಂದು ಆಕ್ಷೇಪಿಸಿ, ಮಸೂದೆಯನ್ನು ಆಯ್ಕೆ ಸಮಿತಿಗೆ ಕಳುಹಿಸಲು ಕೇಳಿದರು. ಆ ಬೇಡಿಕೆ ಬಿದ್ದುಹೋಯಿತು. ಹಕ್ಕಿನ ಭಾಷೆ ನಮ್ಮಲ್ಲಿ ಸದನಕ್ಕಿಂತ ಮೊದಲು ನ್ಯಾಯಾಲಯದಲ್ಲಿ ಬೇರೂರಿತ್ತು. ಹೆರುವ ಅಥವಾ ಹೆರದಿರುವ ಆಯ್ಕೆ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟ್ 2009ರಲ್ಲಿ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಹೇಳಿತ್ತು. 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಪ್ರಕರಣವನ್ನು ಹೂಡಿದ್ದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2022ರ ಸೆಪ್ಟೆಂಬರ್ 29ರ ತೀರ್ಪು ಅವಿವಾಹಿತರನ್ನು 24 ವಾರದ ಸೌಲಭ್ಯದಿಂದ ಹೊರಗಿಡುವಂತಿಲ್ಲವೆಂದಿತು.

ಎರಡು ವಾದಗಳನ್ನು ಮಾತ್ರ ಕೈಬಿಡಿ. ಜನಸಂಖ್ಯೆ ನಿಯಂತ್ರಣದ ವಾದ ಮೊದಲನೆಯದು. 1971ರ ಮಸೂದೆಯ ಸುತ್ತ ಆ ಆಸೆ ಇದ್ದೇ ಇತ್ತು. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಖರ್ಚಿನಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದು ಹೆಸರಾಗಿತ್ತು. ಆದರೆ ಜನರ ಸಂಖ್ಯೆಯನ್ನೇ ಗುರಿಯಾಗಿಸಿಕೊಂಡ ಸರ್ಕಾರ ತುರ್ತುಪರಿಸ್ಥಿತಿಯಲ್ಲಿ ಜನರನ್ನು ಹಿಡಿದು ತಂದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿತು. ಹೆರಲೇಬೇಕೆಂದ ರೊಮೇನಿಯಾದ ಆಜ್ಞೆಯೂ, ಹೆರಕೂಡದೆಂಬ ಇಂತಹ ಆಜ್ಞೆಯೂ ಒಂದೇ ಮೇಜಿನಿಂದ ಹೊರಡುತ್ತವೆ. ಎರಡನೆಯದು, ಅಂಗವಿಕಲ ಮಗುವಿನ ಬದುಕು ಹೊರೆಯೆಂಬ ಧಾಟಿಯ ಮಾತು. ಕಾನೂನಿನಲ್ಲಿ ಆ ನೆಲೆ ಇಂದಿಗೂ ಇದೆ, ಅಂಗವಿಕಲರ ಹಕ್ಕಿಗಾಗಿ ದುಡಿಯುವವರು ಅದರ ಬಗ್ಗೆ ನ್ಯಾಯವಾದ ಅಸಮಾಧಾನವನ್ನೂ ವ್ಯಕ್ತಪಡಿಸಿದ್ದಾರೆ. ತೀರ್ಮಾನ ತಾಯಿಯದು ಎಂದಷ್ಟೇ ಹೇಳಿ, ಮಗುವಿನ ಬೆಲೆ ಕಟ್ಟಲು ಹೋಗಬೇಡಿ.

ಭ್ರೂಣವೂ ಒಂದು ಜೀವವಲ್ಲವೇ ಎಂದು ಎದುರಿನವರು ಖಂಡಿತ ಕೇಳುತ್ತಾರೆ. ಅದು ಪ್ರಾಮಾಣಿಕ ಪ್ರಶ್ನೆ, ಅದನ್ನು ಗೇಲಿ ಮಾಡಿ ಮತ ಗಳಿಸುವುದು ಕಷ್ಟ. ಬಸಿರು ಬೆಳೆದಂತೆಲ್ಲ ಕಾನೂನಿನ ಕಾವಲೂ ಹೆಚ್ಚಬೇಕೆಂದು ಒಪ್ಪಿ, ವಾರಗಳ ಗಡುವನ್ನು ಮಾತಿಗಿಡುವುದು ಹೆಚ್ಚಿನವರು ಹಿಡಿದ ದಾರಿ.

ಪ್ರಶ್ನೆ: ನಾನು ನಿವೃತ್ತ ಶಾಲಾ ಮೇಷ್ಟರು. 2023ರ ಕೊನೆಯಲ್ಲಿ ನಮ್ಮ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು, ಹೆಣ್ಣೆಂದು ಗೊತ್ತಾದ ಬಸಿರನ್ನು ತೆಗೆಸುತ್ತಿದ್ದ ಜಾಲ ಹೊರಬಿದ್ದದ್ದು ನಿಮಗೆ ಗೊತ್ತಿದೆ. ಇದನ್ನು ಕಂಡ ಮೇಲೂ ಗರ್ಭಪಾತವನ್ನು ಹಕ್ಕು ಎನ್ನುವವರಿಗೆ ನಾಚಿಕೆಯಾಗುವುದಿಲ್ಲವೇ ತಾಯಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ಮೇಷ್ಟ್ರೇ, ಆ ಸುದ್ದಿ ಬಂದ ದಿನ ನನಗೂ ಊಟ ಸೇರಲಿಲ್ಲ. ಕಬ್ಬಿನ ಸಿಪ್ಪೆಯ ರಾಶಿ, ಉರಿಯುವ ಒಲೆ, ಕೊಪ್ಪರಿಗೆಯಲ್ಲಿ ಕುದಿಯುವ ಹಾಲು, ಮಕ್ಕಳಾಗಿದ್ದಾಗ ಬಿಸಿಬೆಲ್ಲಕ್ಕೆ ಕೈಯೊಡ್ಡಿ ನಿಲ್ಲುತ್ತಿದ್ದ ಜಾಗ, ಅಲ್ಲಿ ಇಂತಹ ಕೆಲಸ. ಬೆಂಗಳೂರಿನ ಪೊಲೀಸರು ಬೆನ್ನುಹತ್ತಿದ ಆ ಪ್ರಕರಣ ಮುಂದೆ ಸಿಐಡಿ ತನಿಖೆಗೆ ಹೋಯಿತು.

ಬೆಂಬಲಿಗರು ಇದಕ್ಕೆ ಕೊಡುವ ಉತ್ತರ ಹಳೆಯದು. 1980ರ ದಶಕದಲ್ಲಿ ಮುಂಬಯಿಯಲ್ಲಿ ಭ್ರೂಣಲಿಂಗ ಪತ್ತೆಯ ವಿರುದ್ಧ ಹೋರಾಡಿ 1988ರ ಮಹಾರಾಷ್ಟ್ರದ ಕಾನೂನಿಗೆ ಕಾರಣರಾದವರಲ್ಲಿ, ಸುರಕ್ಷಿತ ಗರ್ಭಪಾತ ಬೇಕೆನ್ನುತ್ತಿದ್ದ ಮಹಿಳಾ ಸಂಘಟನೆಗಳವರೂ ಇದ್ದರು. ಅವರು ಬೇಕೆಂದೇ ಪರೀಕ್ಷೆಯನ್ನು ಗುರಿಯಾಗಿಸಿಕೊಂಡರೇ ಹೊರತು ಗರ್ಭಪಾತವನ್ನಲ್ಲ, ಮತ್ತು ಸಂಸತ್ತಿನ 1994ರ ಕಾಯ್ದೆಯೂ ಅದೇ ಜಾಡಿನಲ್ಲಿ ನಡೆದು, ಲಿಂಗ ಪತ್ತೆ ಮಾಡುವುದನ್ನೂ ಅದನ್ನು ಬಾಯಲ್ಲಿ, ಸನ್ನೆಯಲ್ಲಿ ತಿಳಿಸುವುದನ್ನೂ ಅಪರಾಧವಾಗಿಸಿತು. ಆ ಕಾಯ್ದೆಯ 24ನೇ ಕಲಮನ್ನು ನೋಡಿ: ಬೇರೆ ಸಾಕ್ಷ್ಯ ಸಿಗದ ಹೊರತು, ಗರ್ಭಿಣಿಯು ಗಂಡನ ಅಥವಾ ನೆಂಟರ ಒತ್ತಾಯಕ್ಕೆ ಸಿಕ್ಕಿ ಪರೀಕ್ಷೆಗೆ ಬಂದಳೆಂದೇ ನ್ಯಾಯಾಲಯ ಭಾವಿಸಬೇಕು. ಎರಡು ಹೆಣ್ಣು ಹೆತ್ತ ಸೊಸೆಯನ್ನು ಬೆಳಗಿನ ಜಾವ ಗಾಡಿಯಲ್ಲಿ ಕೂರಿಸಿಕೊಂಡು ಹೋಗುವಾಗ ಆಕೆಯ ಮನಸ್ಸನ್ನು ಯಾರು ಕೇಳಿರುತ್ತಾರೆ? ಬೆಂಬಲಿಗರು ಹಕ್ಕು ಎನ್ನುವುದು ಆಕೆಯ ತೀರ್ಮಾನವನ್ನು; ಅಲ್ಲಿ ತೀರ್ಮಾನ ಆಕೆಯದಾಗಿರಲಿಲ್ಲ.

ಈ ಉತ್ತರ ಪೂರ್ತಿ ಸಾಲುತ್ತದೆಯೇ ಎಂದರೆ, ಇಲ್ಲ. ತಾನಾಗಿಯೇ ಗಂಡು ಬೇಕೆಂದು ಹೋಗುವ ಹೆಂಗಸರೂ ಇದ್ದಾರೆ, ಅವರಿಗೆ ಆ ಬಯಕೆಯನ್ನು ಊಡಿಸಿದ್ದು ಸಮಾಜವೆಂದು ಹೇಳಿದರೆ ಮಾತು ಮುಗಿಯುವುದಿಲ್ಲ. ಆದರೆ ಗರ್ಭಪಾತವನ್ನೇ ಬಿಗಿಗೊಳಿಸಿದರೆ ಆಲೆಮನೆಗಳು ಮುಚ್ಚುತ್ತವೆಯೇ ಎಂಬ ಬೆಂಬಲಿಗರ ಮರುಪ್ರಶ್ನೆಗೂ ತೂಕವಿದೆ, ಏಕೆಂದರೆ ಆ ಜಾಲ ನಡೆಸುತ್ತಿದ್ದ ಕೆಲಸದ ಪ್ರತಿಯೊಂದು ಹಂತವೂ ಆಗಲೇ ಕಾನೂನುಬಾಹಿರವಾಗಿತ್ತು. 2015ರಲ್ಲಿ ದೇಶದಲ್ಲಿ ನಡೆದ ಗರ್ಭಪಾತಗಳು ಸುಮಾರು 1.56 ಕೋಟಿ ಎಂದೂ, ಅವುಗಳಲ್ಲಿ ಶೇ 73ರಷ್ಟು ಆಸ್ಪತ್ರೆಯ ಹೊರಗೆ ಮಾತ್ರೆಗಳಿಂದ ಆದವೆಂದೂ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ದಾಳಿಗಳು ನಡೆದಾಗಲೆಲ್ಲ ಮೆಡಿಕಲ್ ಸ್ಟೋರಿನವರೂ ವೈದ್ಯರೂ ಹೆದರಿ, ಕಾನೂನಿನ ಒಳಗೇ ಬರುವ ಏಳು ವಾರದ ಬಸಿರಿನವರನ್ನೂ ವಾಪಸು ಕಳುಹಿಸುತ್ತಾರೆ. ಅವರು ಮತ್ತೆ ಕತ್ತಲೆಯ ದಾರಿಯನ್ನೇ ಹಿಡಿಯುತ್ತಾರೆ. ಏಳು ವಾರಕ್ಕೆ ಸ್ಕ್ಯಾನಿಂಗಿನಲ್ಲಿ ಗಂಡು ಹೆಣ್ಣು ಗೊತ್ತೂ ಆಗುವುದಿಲ್ಲ. ಹೆಣ್ಣು ಭ್ರೂಣವನ್ನು ಉಳಿಸಲು ಹೊರಟವರು ಮೊದಲು ಕಣ್ಣಿಡಬೇಕಾದದ್ದು ಲೆಕ್ಕಕ್ಕೆ ಸಿಗದೆ ಊರೂರು ತಿರುಗುವ ಯಂತ್ರಗಳ ಮೇಲೆ.

ಪ್ರಶ್ನೆ: ಅಕ್ಕ, ನನಗೆ ಇಬ್ಬರು ಮಕ್ಕಳು. ಮೂರನೆಯದು ನಿಂತಾಗ ಆಸ್ಪತ್ರೆಯೊಂದರಲ್ಲಿ ಗಂಡನ ಸಹಿ ಇಲ್ಲದೆ ಆಗುವುದಿಲ್ಲ ಎಂದರು. ಕಾನೂನು ಹಾಗೆ ಹೇಳುತ್ತದೆಯೇ?
– ಹೆಸರು ಬೇಡವೆಂದ ಓದುಗರು, ಶ್ರೀರಂಗಪಟ್ಟಣ

ಉತ್ತರ: ಹೇಳುವುದಿಲ್ಲ ತಂಗಿ. 18 ವರ್ಷ ತುಂಬಿದ, ಮಾನಸಿಕ ಕಾಯಿಲೆಯಿಲ್ಲದ ಹೆಂಗಸಿನ ವಿಷಯದಲ್ಲಿ ಆಕೆಯ ಒಪ್ಪಿಗೆಯೊಂದೇ ಸಾಕೆಂದು 1971ರ ಕಾಯ್ದೆಯ 3ನೇ ಕಲಮೇ ಹೇಳುತ್ತದೆ. ಸಹಿ ಹಾಕಬೇಕಾದ ‘ಸಿ’ ನಮೂನೆಯಲ್ಲಿ ಗಂಡನ ಸಹಿಗೆ ಜಾಗವಿಲ್ಲ. 2021ರ ತಿದ್ದುಪಡಿಯ ಬಳಿಕ, ಗರ್ಭನಿರೋಧಕ ವಿಫಲವಾಗಿ ನಿಂತ, 20 ವಾರದೊಳಗಿನ ಬಸಿರಿಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ನಿಮ್ಮ ಹೆಸರು ವಿವರಗಳನ್ನು ಕಾನೂನು ಅಧಿಕಾರ ಕೊಟ್ಟವರಿಗಲ್ಲದೆ ಬೇರೆ ಯಾರಿಗೂ ತಿಳಿಸಕೂಡದೆಂದು 2021ರ ತಿದ್ದುಪಡಿಯ 5ಎ ಕಲಮು ವಿಧಿಸಿದ್ದು, ತಪ್ಪಿದ ವೈದ್ಯರಿಗೆ ಒಂದು ವರ್ಷದವರೆಗೆ ಸಜೆಯಾಗಬಹುದು. ಕಾನೂನು ಕೇಳದ ಸಹಿಯನ್ನು ಆಸ್ಪತ್ರೆ ಏಕೆ ಕೇಳುತ್ತದೆ ಎಂದರೆ, ನಾಳೆ ಗಂಡ ಬಂದು ಗಲಾಟೆ ಮಾಡಿದರೆ ಎಂಬ ಅಂಜಿಕೆಯಿಂದ. ಮೊದಲ ಉತ್ತರದಲ್ಲಿ ಹೇಳಿದ, ವೈದ್ಯನಿಗೆ ಅಭಯ ಕೊಡುವ ವಾಕ್ಯದಿಂದ ಹೊರಟ ಕಾಯ್ದೆ ಆಸ್ಪತ್ರೆಯ ಕೌಂಟರಿನಲ್ಲಿ ಹೀಗೆ ಕಾಣಿಸಿಕೊಳ್ಳುತ್ತದೆ. ಇನ್ನೊಮ್ಮೆ ಯಾರಾದರೂ ಕೇಳಿದರೆ, ಯಾವ ನಿಯಮದ ಪ್ರಕಾರ ಕೇಳುತ್ತಿದ್ದೀರೆಂದು ಬರೆದುಕೊಡಲು ಹೇಳಿ. ಬರೆದುಕೊಡುವವರು ಸಿಗುವುದು ಕಷ್ಟ.